ಸ್ವಂತ ಊರು ನೌಕರಿ ಕೊಡಲಿಲ್ಲ, ಬೆಂಗಳೂರು ಪ್ಲೇಗ್ ಕ್ಯಾಂಪ್ ಕೊಟ್ಟಿತು: ಡಾ. ಪಲ್ಪು ಎಂಬ ವೈದ್ಯನ ಬದುಕು

ಮಲ್ಲೇಶ್ವರಂ 8ನೇ ಕ್ರಾಸಿನಲ್ಲಿ ಹೂವು ಕೊಳ್ಳುವಾಗಲೋ, ಗಾಂಧಿ ಬಜಾರಿನಲ್ಲಿ ದೋಸೆ ತಿನ್ನುವಾಗಲೋ ಈ ಬಡಾವಣೆಗಳು ಯಾಕೆ ಹುಟ್ಟಿದವು ಅಂತ ನಾವು ಯೋಚಿಸೋದು ಕಡಿಮೆ. ನೇರ ರಸ್ತೆಗಳು, ಅಳೆದು ಕತ್ತರಿಸಿದ ಕ್ರಾಸುಗಳು, ಮನೆಗಳ ಹಿಂದೆ ಮಲ ಹೊರುವವರು ಬಂದು ಹೋಗಲೆಂದೇ ಬಿಟ್ಟಿದ್ದ ಕಿರು ಓಣಿಗಳು. ಇದೆಲ್ಲದರ ಹಿಂದೆ ಒಂದು ಭಯ ಇದೆ. 1898ರ ಪ್ಲೇಗ್.

ಆ ವರ್ಷ ಬೆಂಗಳೂರು ಪೇಟೆಯಲ್ಲಿ ಇಲಿಗಳು ಸಾಯತೊಡಗಿದವು, ಆಮೇಲೆ ಮನುಷ್ಯರು. ಹೆದರಿದ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಆಗ ಪ್ಲೇಗ್ ಕೆಲಸದ ಹೊಣೆ ಹೊತ್ತು ಊರೊಳಗೇ ಉಳಿದ ವೈದ್ಯರಲ್ಲಿ ಒಬ್ಬರು ಮೂವತ್ತೈದರ ಪ್ರಾಯದ ಡಾ. ಪದ್ಮನಾಭನ್ ಪಲ್ಪು. ಕೇರಳದಲ್ಲಿ ಈ ಹೆಸರು ಶಾಲೆ ಮಕ್ಕಳಿಗೂ ಗೊತ್ತು. ಅವರು ಬದುಕಿನ ಮುಖ್ಯ ವರ್ಷಗಳನ್ನು ಕಳೆದ ನಮ್ಮ ಊರಿನಲ್ಲಿ ಎಷ್ಟು ಜನರಿಗೆ ಗೊತ್ತು?

ಈಗ ಅವರನ್ನು ನೆನೆಯಲು ಕಾರಣ ಇದೆ. ಬಡವರಿಗೆ ಆಸ್ಪತ್ರೆ ಕಟ್ಟೋದು, ಲಸಿಕೆ ಹಾಕಿಸೋದು, ಸಾಂಕ್ರಾಮಿಕ ಬಂದಾಗ ಮುಂದೆ ನಿಲ್ಲೋದು, ಇದನ್ನೆಲ್ಲ ನಾವು ಸೇವೆ ಅಂತ ಕರೆದು ಸುಮ್ಮನಾಗ್ತೀವಿ. ಆ ಕೆಲಸ ಮಾಡುವ ಅಧಿಕಾರ ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ ಅನ್ನೋದು ಮಾತ್ರ ಶುದ್ಧ ರಾಜಕೀಯ. ಪಲ್ಪು ಬದುಕಿನಲ್ಲಿ ಇವೆರಡೂ ಒಂದೇ ಎಳೆಯಾಗಿ ಸಿಗುತ್ತವೆ.

ಪಾಸಾದರೂ ಸೀಟಿಲ್ಲ

ಪಲ್ಪು ಹುಟ್ಟಿದ್ದು 1863ರ ನವೆಂಬರ್ 2ರಂದು, ತಿರುವನಂತಪುರದ ಪೇಟ್ಟ ಎಂಬಲ್ಲಿ. ಜಾತಿ ಈಳವ. ನಮ್ಮ ಕಡೆಯ ಬಿಲ್ಲವರು, ಈಡಿಗರ ಹಾಗೆ ಸೇಂದಿ ಇಳಿಸುವ ಕಸುಬಿನ ಜೊತೆ ಹೆಸರು ಅಂಟಿಕೊಂಡಿದ್ದ ದೊಡ್ಡ ಸಮುದಾಯ. ಅವರಲ್ಲಿ ಬೇಸಾಯ ಮಾಡುವವರಿದ್ದರು, ತೆಂಗಿನ ನಾರು ಹೊಸೆಯುವವರಿದ್ದರು, ಸಂಸ್ಕೃತ ಕಲಿತ ಆಯುರ್ವೇದ ಪಂಡಿತರೂ ಇದ್ದರು. ಆದರೆ ತಿರುವಾಂಕೂರು ಸಂಸ್ಥಾನದಲ್ಲಿ ಈಳವರು ಮೇಲ್ಜಾತಿಯವರಿಂದ ಇಂತಿಷ್ಟು ಹೆಜ್ಜೆ ದೂರ ನಿಲ್ಲಬೇಕಿತ್ತು. ದೇವಸ್ಥಾನದ ಸುತ್ತಲಿನ ಹಲವು ರಸ್ತೆಗಳಲ್ಲಿ ನಡೆಯುವಂತಿರಲಿಲ್ಲ. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತುವುದಂತೂ ದೂರದ ಮಾತು.

ಪಲ್ಪು ಅವರ ಮನೆಯಲ್ಲಿ ಓದಿನ ಹುಚ್ಚಿತ್ತು. ಅಣ್ಣ ವೇಲಾಯುಧನ್ ಬಿ.ಎ. ಮುಗಿಸಿದರು. ಆದರೂ ಸ್ವಂತ ರಾಜ್ಯದಲ್ಲಿ ಕೆಲಸ ಸಿಗದೆ ಮದ್ರಾಸ್ ಸರ್ಕಾರದ ನೌಕರಿಗೆ ಹೋಗಬೇಕಾಯಿತು. ತಮ್ಮ ಪಲ್ಪು ತಿರುವಾಂಕೂರಿನ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದರು, ಪಾಸೂ ಆದರು. ಸೀಟು ಸಿಗಲಿಲ್ಲ. ವಯಸ್ಸು ಮೀರಿದೆ ಅನ್ನೋದು ಕಾಗದದ ಮೇಲಿನ ಕಾರಣ. ಅಸಲಿ ಕಾರಣ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಈಳವನೊಬ್ಬ ವೈದ್ಯನಾದರೆ ನಾಳೆ ನಾಯರ್, ಬ್ರಾಹ್ಮಣ ರೋಗಿಗಳ ನಾಡಿ ಹಿಡಿಯುತ್ತಾನೆ, ಅವನು ಕಲಸಿ ಕೊಟ್ಟ ಔಷಧಿ ಕುಡಿಯಬೇಕಾಗುತ್ತೆ.

ಮನೆಯವರ, ಹಿತೈಷಿಗಳ ನೆರವಿನಿಂದ ಅವರು ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಆ ಕಾಲದ ಎಲ್.ಎಂ.ಎಸ್. ಪದವಿ ಪಡೆದು ಮತ್ತೆ ತಿರುವಾಂಕೂರಿನ ಬಾಗಿಲು ತಟ್ಟಿದರು. ಸಂಸ್ಥಾನಕ್ಕೆ ವೈದ್ಯರು ಬೇಕಿದ್ದರು, ಈಳವ ವೈದ್ಯ ಬೇಕಿರಲಿಲ್ಲ. ಪಲ್ಪು ಮದ್ರಾಸ್ ಸರ್ಕಾರದ ಲಸಿಕೆ ತಯಾರಿಕೆಯ ಕೆಲಸಕ್ಕೆ ಸೇರಿದರು. ಅಲ್ಲಿಂದ 1890ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರದ ಕರೆಯ ಮೇಲೆ ಬೆಂಗಳೂರಿಗೆ ಬಂದರು. ಮುಂದೆ ಮೈಸೂರು ಸೀಮೆಯೇ ಅವರ ಅನ್ನದ ನೆಲ ಆಯ್ತು.

ಕರುವಿನ ಲಸಿಕೆ ಮತ್ತು ಜಾತಿ

ಬೆಂಗಳೂರಿನಲ್ಲಿ ಪಲ್ಪು ಅವರಿಗೆ ಸಿಕ್ಕಿದ್ದು ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆಯ ಕೆಲಸ. ಕೇಳಲು ಸಾದಾ ಇಲಾಖೆ ಕೆಲಸದ ಹಾಗಿದೆ. ಆ ಕಾಲದಲ್ಲಿ ಅದು ಎಂಥ ಕೆಲಸ ಅಂತ ಸ್ವಲ್ಪ ನೋಡಬೇಕು.

ಅಲ್ಲಿಯವರೆಗೆ ಸಿಡುಬಿನ ಲಸಿಕೆ ಹಾಕುತ್ತಿದ್ದದ್ದು ಹೆಚ್ಚಾಗಿ ತೋಳಿನಿಂದ ತೋಳಿಗೆ. ಲಸಿಕೆ ಹಾಕಿಸಿಕೊಂಡ ಒಂದು ಮಗುವಿನ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಇನ್ನೊಂದು ಮಗುವಿನ ತೋಳಿಗೆ ಗೀರಿ ಹಾಕೋದು. ಇದರಲ್ಲಿ ಬೇರೆ ರೋಗ ಹರಡುವ ಅಪಾಯ ಇತ್ತು. ಅದರ ಜೊತೆಗೇ ಇಂಡಿಯಾದಲ್ಲಿ ಇನ್ನೊಂದು ತಕರಾರು. ಯಾವ ಜಾತಿಯ ಮಗುವಿನ ತೋಳಿನಿಂದ ಬಂದದ್ದು? ಮೇಲ್ಜಾತಿಯ ತಾಯ್ತಂದೆಯರು ಕೆಳಜಾತಿ ಮಗುವಿನ ದ್ರವವನ್ನು ತಮ್ಮ ಮಗುವಿನ ಮೈಗೆ ಸೇರಿಸಲು ಒಪ್ಪುತ್ತಿರಲಿಲ್ಲ. ದ್ರವ ಕೊಡುವ ಮಗುವನ್ನು ಹುಡುಕಿ ಊರಿಂದೂರಿಗೆ ಕರೆದುಕೊಂಡು ಹೋಗೋದು ಬಡ ತಾಯಂದಿರ ಪಾಲಿಗೆ ಹಿಂಸೆಯೂ ಆಗಿತ್ತು.

ಕರುವಿನ ಮೈಮೇಲೆ ಲಸಿಕೆ ಬೆಳೆಸಿ, ಅದನ್ನು ಕೆಡದಂತೆ ಕಾಪಿಟ್ಟು, ಊರೂರಿಗೆ ಕಳಿಸುವ ವಿಧಾನ ಈ ತೊಡಕನ್ನು ಬಹುಪಾಲು ಬಿಡಿಸಿತು. ಲಸಿಕಾ ಸಂಸ್ಥೆಗಳು ಹುಟ್ಟಿದ್ದೇ ಇದಕ್ಕೆ. ಶುಚಿತ್ವ, ಉಷ್ಣಾಂಶ, ಸಾಗಣೆ, ಲೆಕ್ಕ ಎಲ್ಲದರಲ್ಲೂ ಶಿಸ್ತು ಬೇಕು. ಒಂದು ತಂಡ ಕೆಟ್ಟರೆ ನೂರಾರು ಮಕ್ಕಳ ತೋಳಿನಲ್ಲಿ ಲಸಿಕೆ ಕೆಲಸ ಮಾಡಲ್ಲ, ಆಮೇಲೆ ಆ ಊರು ಲಸಿಕೆಯನ್ನೇ ನಂಬಲ್ಲ.

ಈಗ ಈ ಚಿತ್ರವನ್ನು ಕಣ್ಮುಂದೆ ತಂದುಕೊಳ್ಳಿ. ತಿರುವಾಂಕೂರಿನಲ್ಲಿ ಹತ್ತಿರ ಬಂದರೇ ಮೈಲಿಗೆ ಎನಿಸಿಕೊಂಡಿದ್ದ ಒಬ್ಬ ಮನುಷ್ಯನ ಉಸ್ತುವಾರಿಯಲ್ಲಿ ತಯಾರಾದ ಲಸಿಕೆ ಮೈಸೂರು ಸೀಮೆಯ ಎಲ್ಲ ಜಾತಿಯ ಮಕ್ಕಳ ರಕ್ತ ಸೇರುತ್ತಿತ್ತು.

ಎರಡು ಅರ್ಜಿಗಳು

ಇಲ್ಲಿ ಒಳ್ಳೆ ಸಂಬಳ, ಮರ್ಯಾದೆ ಸಿಕ್ಕಿತಲ್ಲ, ಊರಿನ ಉಸಾಬರಿ ಯಾಕೆ ಅಂತ ಅವರು ಸುಮ್ಮನಿರಬಹುದಿತ್ತು. ಇರಲಿಲ್ಲ. 1891ರಲ್ಲಿ ತಿರುವಾಂಕೂರಿನ ಮಹಾರಾಜರಿಗೆ ಸಾವಿರಾರು ಜನ ಸಹಿ ಹಾಕಿದ ಒಂದು ಮನವಿ ಹೋಯಿತು. ಇತಿಹಾಸದಲ್ಲಿ ಅದು ಮಲಯಾಳಿ ಮೆಮೋರಿಯಲ್ ಅಂತ ಹೆಸರಾಗಿದೆ. ಸರ್ಕಾರಿ ಹುದ್ದೆಗಳೆಲ್ಲ ಹೊರಗಿನಿಂದ ಬಂದ ಬ್ರಾಹ್ಮಣರ ಪಾಲಾಗುತ್ತಿವೆ, ನಾಡಿನವರಿಗೆ ಕೊಡಿ ಅನ್ನೋದು ಅದರ ತಿರುಳು. ಮುಂದೆ ನಿಂತವರು ಹೆಚ್ಚಾಗಿ ನಾಯರ್ ಮುಖಂಡರು. ಪಲ್ಪು ಕೂಡ ಮೊದಲ ಸಹಿಗಾರರಲ್ಲಿ ಒಬ್ಬರು. ತಿಂಗಳಿಗೆ 5 ರೂಪಾಯಿ ಸಂಬಳದ ಹುದ್ದೆಯಲ್ಲೂ ಒಬ್ಬ ಈಳವ ಇಲ್ಲ ಅನ್ನೋ ಮಾತೂ ಆ ಮನವಿಯಲ್ಲಿ ಸೇರಿತ್ತು. ಈಳವರು ತಮ್ಮ ಬೇಸಾಯ, ನಾರಿನ ಕೆಲಸ, ಸೇಂದಿ ಕಸುಬಿನಲ್ಲಿ ತೃಪ್ತರಾಗಿದ್ದಾರೆ, ಅವರಲ್ಲಿ ನೌಕರಿಗೆ ಬೇಕಾದ ಓದಿಲ್ಲ ಅನ್ನೋ ಧಾಟಿಯಲ್ಲಿ ಸರ್ಕಾರದ ಉತ್ತರ ಬಂತು. ಓದಿದವನಿಗೆ ಸೀಟು, ನೌಕರಿ ಎರಡನ್ನೂ ನಿರಾಕರಿಸಿದ ಸರ್ಕಾರವೇ ಹೀಗೆ ಹೇಳಿತ್ತು.

ಆ ಮನವಿಯಿಂದ ನಾಯರ್ ಸಮುದಾಯಕ್ಕೆ ಅಷ್ಟಿಷ್ಟು ಬಾಗಿಲು ತೆರೆಯಿತು. ಈಳವರಿಗೆ ಏನೂ ಇಲ್ಲ. ಪಲ್ಪು ಪಾಠ ಕಲಿತರು. ಬೇರೆಯವರ ಹೋರಾಟದ ಬಾಲಂಗೋಚಿ ಆದರೆ ಪಾಲು ಸಿಗಲ್ಲ ಅಂತ ಅವರಿಗೆ ಅರ್ಥ ಆಯ್ತು. ಬೆಂಗಳೂರಿನ ಕೆಲಸಕ್ಕೆ ರಜೆ ಹಾಕಿ ಕೇರಳದ ಹಳ್ಳಿಗಳನ್ನು ಸುತ್ತಿದರು. 1896ರ ಸೆಪ್ಟೆಂಬರ್ 3ರಂದು 13,176 ಈಳವರ ಸಹಿಯಿದ್ದ ಇನ್ನೊಂದು ಮನವಿ ಮಹಾರಾಜರ ಕೈ ಸೇರಿತು. ಅದರ ವಾದ ತುಂಬ ನೇರ. ಪಕ್ಕದ ಬ್ರಿಟಿಷ್ ಮಲಬಾರಿನಲ್ಲಿ ಇದೇ ಸಮುದಾಯದವರು ದೊಡ್ಡ ಹುದ್ದೆಗಳಲ್ಲಿ ಇದ್ದಾರೆ. ಇಲ್ಲೇ ಇರುವ ಈಳವ ಕ್ರೈಸ್ತ ಧರ್ಮಕ್ಕೆ ಸೇರಿದ ಮರುದಿನ ಅವನಿಗೆ ರಸ್ತೆ, ಶಾಲೆ ತೆರೆಯುತ್ತವೆ. ಹಾಗಾದರೆ ಹಿಂದೂವಾಗಿ ಉಳಿದದ್ದೇ ಅವನ ತಪ್ಪೇ?

ಗೆಲುವು ಸಿಗಲಿಲ್ಲ. ಪಲ್ಪು ಬಿಡಲಿಲ್ಲ. ಪತ್ರಿಕೆಗಳಲ್ಲಿ ಬರೆದರು, ಬರೆಸಿದರು. ಎಲ್ಲವನ್ನೂ ಒಟ್ಟು ಮಾಡಿ ತಿರುವಾಂಕೂರಿನಲ್ಲಿ ತೀಯರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು. 1900ರಲ್ಲಿ ವೈಸರಾಯ್ ಕರ್ಜನ್‌ಗೂ ಮನವಿ ಹೋಯಿತು. ಒಂದು ಸಂಸ್ಥಾನದ ಜಾತಿ ತಾರತಮ್ಯ ಲಂಡನ್ನಿನ ಪಾರ್ಲಿಮೆಂಟಿನವರೆಗೆ ತಲುಪಿದ್ದು ಇಂಥ ಓಡಾಟದಿಂದಲೇ. ನೆನಪಿಡಿ, ಇದನ್ನೆಲ್ಲ ಮಾಡುತ್ತಿದ್ದದ್ದು ಇನ್ನೊಂದು ಸಂಸ್ಥಾನದ ಸರ್ಕಾರಿ ನೌಕರ. ಕೆಲಸಕ್ಕೆ ಕುತ್ತು ಬರುವ ಅಪಾಯ ಯಾವಾಗಲೂ ಇತ್ತು.

ಪ್ಲೇಗ್ ಬಂತು

1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯ ರೈಲು ದಾರಿಯಿಂದ ಪ್ಲೇಗ್ ಬೆಂಗಳೂರಿಗೆ ಕಾಲಿಟ್ಟಿತು. ಅದಕ್ಕೂ ಮೊದಲು ಅದು ಬೊಂಬಾಯಿ, ಪುಣೆಗಳನ್ನು ನಡುಗಿಸಿತ್ತು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಮತ್ತು ಅವರ ವೈದ್ಯ ಮಗ ಯಶವಂತ ಊರ ಹೊರಗೆ ಪ್ಲೇಗ್ ರೋಗಿಗಳಿಗೆ ಶುಶ್ರೂಷಾ ಕೇಂದ್ರ ನಡೆಸಿದರು. ರೋಗಿಗಳ ಆರೈಕೆ ಮಾಡುತ್ತಲೇ ಸೋಂಕು ತಗುಲಿ 1897ರ ಮಾರ್ಚ್ 10ರಂದು ಸಾವಿತ್ರಿಬಾಯಿ ತೀರಿಕೊಂಡರು. ಅದೇ ಪುಣೆಯಲ್ಲಿ ಸೈನಿಕರನ್ನು ಮನೆಗಳಿಗೆ ನುಗ್ಗಿಸಿ ತಪಾಸಣೆ ಮಾಡಿಸಿದ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಜೂನ್‌ನಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಒಂದೇ ಊರಲ್ಲಿ ರೋಗದ ಎದುರು ನಿಲ್ಲುವ ಎರಡು ರೀತಿಗಳು ಕಂಡಿದ್ದವು.

ಬೆಂಗಳೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಮಾಡಿತು. ಕೋಟೆ ಮತ್ತು ಪೇಟೆಯ ಇಕ್ಕಟ್ಟಾದ ಓಣಿಗಳಿಂದ ಜನರನ್ನು ಹೊರಗೆ ಕಳಿಸಿ ಬಯಲಿನಲ್ಲಿ ಗುಡಿಸಲು ಹಾಕಿಸಲಾಯಿತು. ಪ್ಲೇಗ್ ಕೆಲಸಕ್ಕೆ ನಿಯೋಜನೆಗೊಂಡ ವೈದ್ಯರಲ್ಲಿ ಪಲ್ಪು ಮುಖ್ಯರು.

ಆಗಿನ ಪ್ಲೇಗ್ ಕ್ಯಾಂಪ್ ಅಂದರೆ ಆಸ್ಪತ್ರೆಯೊಂದೇ ಅಲ್ಲ. ಒಂದು ಕಡೆ ರೋಗಿಗಳು, ಇನ್ನೊಂದು ಕಡೆ ರೋಗಿಯ ಮನೆಯವರು, ಮತ್ತೊಂದು ಕಡೆ ಮನೆ ಬಿಟ್ಟು ಬಂದ ಆರೋಗ್ಯವಂತರು. ನೀರು, ಊಟ, ಪಾಯಿಖಾನೆ, ಹೆಣ ಸಾಗಿಸೋದು, ಸತ್ತವರ ಬಟ್ಟೆಬರೆ ಸುಡೋದು, ಖಾಲಿ ಮನೆಗಳ ಹೆಂಚು ಸರಿಸಿ ಬಿಸಿಲು ಬೀಳಿಸೋದು, ಸುಣ್ಣ ಹೊಡೆಸೋದು ಎಲ್ಲ ಸೇರಿ ಒಂದು ಆಡಳಿತ. ಔಷಧಿ ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರು. ಹಾಫ್‌ಕಿನ್ ಬೊಂಬಾಯಿಯಲ್ಲಿ ಚುಚ್ಚುಮದ್ದು ತಯಾರಿಸಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಇಲಿಯ ಮೈಮೇಲಿನ ಚಿಗಟ ರೋಗ ಹರಡುತ್ತೆ ಅಂತ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲೇ. ಅದನ್ನು ವೈದ್ಯಲೋಕ ಒಪ್ಪಿಕೊಳ್ಳಲು ಇನ್ನೂ ವರ್ಷಗಳು ಬೇಕಾದವು. ಅಂದರೆ ಕ್ಯಾಂಪಿನ ವೈದ್ಯರಿಗೆ ತಮಗೆ ಈ ರೋಗ ಹೇಗೆ ಅಂಟುತ್ತೆ ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದೆ ದಿನವೂ ಒಳಗೆ ಹೋಗುತ್ತಿದ್ದರು.

ರೋಗಕ್ಕಿಂತ ಕಷ್ಟವಾದದ್ದು ಜನರ ಅಪನಂಬಿಕೆ. ಕ್ಯಾಂಪಿಗೆ ಹೋದವರು ವಾಪಸ್ ಬರಲ್ಲ ಅನ್ನೋ ಮಾತು ಎಲ್ಲ ಕಡೆ ಇತ್ತು. ರೋಗಿಯನ್ನು ಬಚ್ಚಿಡುತ್ತಿದ್ದರು, ಹೆಣವನ್ನೂ ಬಚ್ಚಿಡುತ್ತಿದ್ದರು. ಬೇರೆ ಜಾತಿಯವರ ಪಕ್ಕ ಮಲಗಬೇಕು, ಯಾರೋ ಮಾಡಿದ ಅಡುಗೆ ಉಣ್ಣಬೇಕು ಅನ್ನೋ ಭಯ ಸಾವಿನ ಭಯದ ಜೊತೆ ಬೆರೆತಿತ್ತು. ಪ್ಲೇಗಮ್ಮ, ಮಾರಮ್ಮನ ಗುಡಿಗಳು ಬೆಂಗಳೂರಿನ ಬೀದಿಗಳಲ್ಲಿ ಎದ್ದದ್ದು ಈ ದಿನಗಳಲ್ಲೇ. ಕೋವಿಡ್ ನೋಡಿದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಆ್ಯಂಬುಲೆನ್ಸ್ ಬಂದರೆ ಬಾಗಿಲು ಮುಚ್ಚಿದ್ದು, ನರ್ಸುಗಳನ್ನು ಬಾಡಿಗೆ ಮನೆಯಿಂದ ಬಿಡಿಸಿದ್ದು ನಮ್ಮ ಕಾಲದಲ್ಲೇ.

ಕೆಲಸ ಮುಗಿಸಿ ಪಲ್ಪು ಬದುಕಿ ಉಳಿದರು. ಆಮೇಲೆ ಮೈಸೂರು ಸರ್ಕಾರದ ನೆರವಿನಿಂದ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಡ್ಜ್‌ನಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದು ಬಂದರು. ಬೆಂಗಳೂರು ನಗರದ ಹೆಲ್ತ್ ಆಫೀಸರ್ ಆದರು. ಅಷ್ಟರಲ್ಲಿ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳ ಗೆರೆ ಎಳೆಯಲಾಗಿತ್ತು. ಗಾಳಿ, ಬೆಳಕು, ಚರಂಡಿ ಇವೇ ಮದ್ದು ಅನ್ನೋ ಹೊಸ ತಿಳಿವಳಿಕೆಯ ಮೇಲೆ ಎದ್ದ ಬಡಾವಣೆಗಳಿವು.

ಚಾಮರಾಜಪೇಟೆಯ ಒಬ್ಬ ವಿದ್ಯಾರ್ಥಿ

ಪಲ್ಪು ಅವರ ಬೆಂಗಳೂರಿನ ಮನೆ ಒಂದು ರೀತಿ ಕೇರಳದ ಹೊಸ ರಾಜಕಾರಣದ ಹಿತ್ತಲಾಗಿತ್ತು. ಸ್ವಾಮಿ ವಿವೇಕಾನಂದರು 1892ರಲ್ಲಿ ಬೆಂಗಳೂರಿಗೆ ಬಂದಾಗ ಪಲ್ಪು ಅವರನ್ನು ಕಂಡರೆಂದೂ, ಜನರನ್ನು ಒಟ್ಟುಗೂಡಿಸಬೇಕಾದರೆ ಆಧ್ಯಾತ್ಮಿಕ ಗುರುವೊಬ್ಬರನ್ನು ಮುಂದಿಟ್ಟುಕೊಳ್ಳಿ ಎಂಬ ಸಲಹೆ ಸಿಕ್ಕಿತೆಂದೂ ಜೀವನಚರಿತ್ರೆಕಾರರು ಹೇಳುತ್ತಾರೆ. ಅಂಥ ಗುರು ಆಗಲೇ ಇದ್ದರು. 1888ರಲ್ಲಿ ಅರುವಿಪ್ಪುರಂನಲ್ಲಿ ತಾವೇ ಶಿವಲಿಂಗ ಸ್ಥಾಪಿಸಿ ಬ್ರಾಹ್ಮಣ ಪೌರೋಹಿತ್ಯಕ್ಕೆ ಸವಾಲು ಹಾಕಿದ್ದ ನಾರಾಯಣ ಗುರು.

ಗುರುಗಳು ತಮ್ಮ ಒಬ್ಬ ಶಿಷ್ಯನನ್ನು ಓದಲೆಂದು ಪಲ್ಪು ಮನೆಗೆ ಕಳಿಸಿದರು. ಆ ಯುವಕ ಚಾಮರಾಜಪೇಟೆಯ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ನ್ಯಾಯಶಾಸ್ತ್ರ ಓದಿದ. ಪ್ಲೇಗ್ ಬಂದಾಗ ಊರು ಬಿಟ್ಟು ಮದ್ರಾಸಿಗೆ, ಅಲ್ಲಿಂದ ಕಲ್ಕತ್ತೆಗೆ ಹೋದ. ಮುಂದೆ ಆತನೇ ಮಲಯಾಳಂನ ಮಹಾಕವಿ ಕುಮಾರನ್ ಆಶಾನ್. 1903ರ ಮೇ 15ರಂದು ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ನೋಂದಣಿ ಆದಾಗ ಗುರುಗಳು ಅಧ್ಯಕ್ಷರು, ಆಶಾನ್ ಕಾರ್ಯದರ್ಶಿ. ಸಂಘಟನೆಯ ಬೆನ್ನೆಲುಬು ಪಲ್ಪು. ಆಸ್ಪತ್ರೆ ನಡೆಸುವವನಿಗೆ ಗೊತ್ತಿರುವ ಲೆಕ್ಕಪತ್ರ, ನಿಯಮಾವಳಿ, ಚಂದಾ ಸಂಗ್ರಹದ ಶಿಸ್ತನ್ನು ಅವರು ಜಾತಿ ವಿಮೋಚನೆಯ ಕೆಲಸಕ್ಕೂ ತಂದರು. 1905ರಲ್ಲಿ ಕೊಲ್ಲಂನಲ್ಲಿ ಯೋಗದ ಸಮ್ಮೇಳನದ ಜೊತೆ ಕೈಗಾರಿಕಾ ಪ್ರದರ್ಶನ ನಡೆಯಿತು. ಸೇಂದಿ ಬಿಟ್ಟು ಬೇರೆ ಕಸುಬು ಹಿಡಿಯಿರಿ ಅಂತ ಬರಿಬಾಯಲ್ಲಿ ಹೇಳಿದರೆ ಸಾಲದು, ಬೇರೆ ಕಸುಬು ಯಾವುದು ಅಂತ ತೋರಿಸಬೇಕಲ್ಲ.

ಈ ಚಳವಳಿ ಕೇರಳದಲ್ಲೇ ನಿಲ್ಲಲಿಲ್ಲ. ಮಂಗಳೂರಿನ ಬಿಲ್ಲವರು ಗುರುಗಳನ್ನು ಕರೆತಂದು 1912ರಲ್ಲಿ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ಕಟ್ಟಿಕೊಂಡರು. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯಲ್ಲಿ ನಾರಾಯಣ ಗುರುಗಳ ಪಾಠ ಕೈಬಿಟ್ಟಾಗ ಕರಾವಳಿ ಸಿಟ್ಟಿಗೆದ್ದದ್ದು ಈ ನಂಟಿನಿಂದಲೇ. ಪಲ್ಪು ಅವರ ಮಗ ನಟರಾಜನ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1895ರಲ್ಲಿ. ಮುಂದೆ ಪ್ಯಾರಿಸ್‌ನಲ್ಲಿ ಓದಿ, ಗುರುಗಳ ಶಿಷ್ಯನಾಗಿ, ನಟರಾಜ ಗುರು ಅಂತ ಹೆಸರಾದರು.

ಮೈಸೂರನ್ನು ಹೊಗಳುವ ಮುನ್ನ

ಇಷ್ಟು ಓದಿದ ಮೇಲೆ ನೋಡಿ, ತಿರುವಾಂಕೂರು ಕೆಟ್ಟದ್ದು, ನಮ್ಮ ಮೈಸೂರು ಉದಾರ ಅಂತ ಎದೆ ತಟ್ಟಿಕೊಳ್ಳೋದು ಸುಲಭ. ಅದರಲ್ಲಿ ನಿಜ ಇಲ್ಲದೇ ಇಲ್ಲ. ತವರು ಬಾಗಿಲು ಮುಚ್ಚಿದ ವೈದ್ಯನಿಗೆ ಮೈಸೂರು ಹುದ್ದೆ ಕೊಟ್ಟಿತು, ವಿದೇಶಕ್ಕೆ ಕಳಿಸಿತು. ಆದರೆ ಇದೇ ಮೈಸೂರಿನ ಸರ್ಕಾರಿ ನೌಕರಿ ಬಹುಪಾಲು ಬ್ರಾಹ್ಮಣರ ಕೈಯಲ್ಲಿತ್ತು. ಇಲ್ಲಿನ ಒಕ್ಕಲಿಗ, ಲಿಂಗಾಯತ, ಕುರುಬ, ಮುಸ್ಲಿಂ, ದಲಿತ ಹುಡುಗರಿಗೆ ಬಾಗಿಲು ತೆರೆಯಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕ ಆಗಬೇಕಾಯಿತು. ಅದನ್ನು ವಿರೋಧಿಸಿ ದಿವಾನ್ ವಿಶ್ವೇಶ್ವರಯ್ಯ ಹುದ್ದೆಯನ್ನೇ ಬಿಟ್ಟರು. ತಿರುವಾಂಕೂರಿನ ಬಗ್ಗೆ ಪಲ್ಪು ಎತ್ತಿದ ಪ್ರಶ್ನೆಯೇ ಇಪ್ಪತ್ತೈದು ವರ್ಷಗಳ ನಂತರ ಅವರಿಗೆ ಅನ್ನ ಕೊಟ್ಟ ಸಂಸ್ಥಾನದ ಮುಂದೆಯೂ ಬಂದು ನಿಂತಿತು.

ಪ್ಲೇಗಿನಿಂದ ಹುಟ್ಟಿದ ಬಡಾವಣೆಗಳ ಕತೆಯೂ ಹೀಗೇ. ರೋಗಕ್ಕೆ ಜಾತಿ ಇಲ್ಲ ಅಂತ 1898 ತೋರಿಸಿಕೊಟ್ಟಿತ್ತು. ಆದರೂ ಹೊಸ ಬಡಾವಣೆಗಳ ನಿವೇಶನಗಳನ್ನು ಹಂಚುವಾಗ ಜಾತಿ, ಸಮುದಾಯಗಳ ಗೆರೆಯನ್ನೇ ನೋಡಲಾಯಿತು. ಗಾಳಿ ಬೆಳಕಿನ ಮನೆಗಳಿಗೆ ಹೋದವರು ಕೈಯಲ್ಲಿ ಕಾಸಿದ್ದವರು. ಹಿಂದಿನ ಓಣಿಯಲ್ಲಿ ಬುಟ್ಟಿ ಹೊತ್ತು ಬಂದವರು ಮುಂದಿನ ಬಾಗಿಲಿಗೆ ಬರುವಂತಿರಲಿಲ್ಲ. ಪ್ಲೇಗ್ ಕ್ಯಾಂಪಿನಲ್ಲಿ ಹೆಣ ಹೊತ್ತವರ, ಗುಂಡಿ ತೋಡಿದವರ ಹೆಸರು ಯಾವ ಚರಿತ್ರೆಯಲ್ಲೂ ಮುಖ್ಯವಾಗಿ ಬರಲ್ಲ. ಪಲ್ಪು ಹೆಸರು ಉಳಿಯಿತು, ಯಾಕಂದ್ರೆ ಅವರ ಹಿಂದೆ ಒಂದು ಚಳವಳಿ ಇತ್ತು.

ಒಂದು ದಿನ ಮೊದಲು

ಸ್ವಲ್ಪ ಕಾಲ ಬರೋಡಾ ಸಂಸ್ಥಾನದಲ್ಲೂ ಕೆಲಸ ಮಾಡಿ, 1920ರಲ್ಲಿ ಪಲ್ಪು ಮೈಸೂರು ಸೇವೆಯಿಂದ ನಿವೃತ್ತರಾದರು. ತಿರುವನಂತಪುರಕ್ಕೆ ಮರಳಿದರು. ಈಳವರ ಉದ್ಯಮ, ಬ್ಯಾಂಕು, ಸಹಕಾರದ ಯೋಜನೆಗಳಲ್ಲಿ ಕೈಹಾಕಿದರು. ಎಲ್ಲವೂ ಗೆಲ್ಲಲಿಲ್ಲ. 1924ರಲ್ಲಿ ವೈಕಂ ಸತ್ಯಾಗ್ರಹ ಶುರುವಾದದ್ದನ್ನು, 1936ರ ನವೆಂಬರ್ 12ರಂದು ತಿರುವಾಂಕೂರಿನ ದೇವಸ್ಥಾನಗಳು ಎಲ್ಲ ಹಿಂದೂಗಳಿಗೆ ತೆರೆದದ್ದನ್ನು ಕಣ್ಣಾರೆ ಕಂಡರು. ತಾವು ಇಪ್ಪತ್ತರ ಹರೆಯದಲ್ಲಿ ಕೇಳಿದ ಹಕ್ಕಿಗೆ ಸಂಸ್ಥಾನ ತಲೆಬಾಗುವ ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು.

1950ರ ಜನವರಿ 25ರಂದು ಡಾ. ಪಲ್ಪು ತೀರಿಕೊಂಡರು. ಮರುದಿನ ಸಂವಿಧಾನ ಜಾರಿಗೆ ಬಂತು. ಜಾತಿಯ ಕಾರಣಕ್ಕೆ ಯಾರಿಗೂ ಸರ್ಕಾರಿ ನೌಕರಿ ನಿರಾಕರಿಸುವಂತಿಲ್ಲ ಅನ್ನುವ 16ನೇ ವಿಧಿಯೂ, ಅಸ್ಪೃಶ್ಯತೆಯನ್ನು ತೊಡೆದುಹಾಕುವ 17ನೇ ವಿಧಿಯೂ ಅದರಲ್ಲಿದ್ದವು.

ಇವತ್ತು ಮೀಸಲಾತಿಯಲ್ಲಿ ಬಂದ ಡಾಕ್ಟರ್ ಹತ್ತಿರ ಹೋಗ್ತೀರಾ ಅಂತ ವಾಟ್ಸಾಪ್‌ನಲ್ಲಿ ನಗುವವರು ಇದ್ದಾರೆ. ಮೆಡಿಕಲ್ ಕಾಲೇಜಿನ ಹಾಸ್ಟೆಲುಗಳಲ್ಲಿ ರ‍್ಯಾಂಕ್ ಕೇಳುವ ನೆಪದಲ್ಲಿ ಜಾತಿ ಕೇಳುವವರೂ ಇದ್ದಾರೆ. ಅವರಿಗೆ 1898ರ ಬೆಂಗಳೂರನ್ನು ನೆನಪಿಸಬೇಕು. ಪರೀಕ್ಷೆಯಲ್ಲಿ ಪಾಸಾದವನನ್ನು ಜಾತಿ ನೋಡಿ ಹೊರಗಿಟ್ಟ ವ್ಯವಸ್ಥೆಯೇ ಪ್ರತಿಭೆಯ ಮಾತಾಡುತ್ತಿತ್ತು. ಹಾಗೆ ಹೊರಗಿಡಲ್ಪಟ್ಟವನು ಕಾಸಿದ್ದವರು ಬಿಟ್ಟು ಹೋದ ಊರಿನಲ್ಲಿ ಉಳಿದು ಕೆಲಸ ಮಾಡಿದ.

ಸರ್ಕಾರಿ ಆಸ್ಪತ್ರೆ, ವಾರ್ಡಿನ ಕ್ಲಿನಿಕ್, ಟ್ರಸ್ಟಿನ ಚಿಕಿತ್ಸಾಲಯ ಯಾವುದೇ ಇರಲಿ, ಬಡ ರೋಗಿ ಒಳಗೆ ಬರೋದು ಅಲ್ಲಿ ತನ್ನನ್ನು ಮನುಷ್ಯನಂತೆ ನೋಡುತ್ತಾರೆ ಅನ್ನೋ ನಂಬಿಕೆಯ ಮೇಲೆ. ಅಲ್ಲಿ ಮೇಜಿನ ಆ ಕಡೆ ಯಾರು ಕೂತಿದ್ದಾರೆ, ನೆಲ ಒರೆಸುವವರು ಯಾರು, ಅವರಿಗೆ ಕಾಯಂ ಸಂಬಳ ಇದೆಯಾ ಅನ್ನೋದನ್ನೂ ಆರೋಗ್ಯದ ಲೆಕ್ಕದಲ್ಲೇ ಸೇರಿಸಬೇಕು. ಮುಂದಿನ ಸಲ ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿನ ಮುಂದೆ ಹೋದಾಗ, ಮಲ್ಲೇಶ್ವರದ ಹಿಂದೋಣಿಯೊಂದನ್ನು ದಾಟುವಾಗ, ಒಂದು ನಿಮಿಷ ನಿಂತು ನೋಡಿ. ಆಮೇಲೆ ನಿಮ್ಮ ವಾರ್ಡಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಈ ಪ್ರಶ್ನೆಗಳನ್ನು ಕೇಳಿ.